ಒದ್ದೆ ಪಾದದ ಕೆಳಗಿನ ಕಲ್ಲು
(ಬಾದಾಮಿ ಸೀಮೆಯ ಹೊಂಡಗಳು ಮತ್ತು ಈಜುಕೊಳದ ಸುತ್ತಣ ನೆಲಹಾಸಿನ ಆಯ್ಕೆ ಕುರಿತ ಉಪನ್ಯಾಸದ ಪಠ್ಯ)



ಬಾದಾಮಿಯ ಸಮೀಪದ ಮಹಾಕೂಟದಲ್ಲಿ ವಿಷ್ಣು ಪುಷ್ಕರಿಣಿ ಎಂಬ ಹೊಂಡವಿದೆ. ಒರತೆಯ ನೀರೇ ಅದಕ್ಕೆ ಆಧಾರ. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋದವರು ಹುಡುಗರ ಆಟವನ್ನು ನೋಡಿಯೇ ಇರುತ್ತಾರೆ. ಕಟ್ಟೆಯ ಮೇಲಿಂದ ಓಡಿ ಬಂದು ನೀರಿಗೆ ಧುಮುಕುವುದು, ಈಜಿ ದಡ ಹತ್ತುವುದು, ಮೈಯಿಂದ ನೀರು ಇಳಿಯುತ್ತಿರುವಾಗಲೇ ಮತ್ತೆ ಓಡುವುದು. ಹಿರಿಯರು ದೂರದಿಂದ ಗದರುತ್ತಾರೆ, ಹುಡುಗರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಷ್ಟು ಓಡಾಡಿಯೂ ಅವರು ಹಲ್ಲು ಮುರಿದುಕೊಳ್ಳದಿರುವುದಕ್ಕೆ ಕಾಲಡಿಯ ಒರಟು ಮರಳುಗಲ್ಲೇ ದೊಡ್ಡ ಕಾರಣ.

ಇದೇ ಹುಡುಗರನ್ನು ನುಣುಪಾದ ಗ್ರಾನೈಟ್ ಹಾಸಿದ ಒಂದು ಈಜುಕೊಳದ ದಂಡೆಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಪ್ರವಾಸೋದ್ಯಮ ಬೆಳೆದಂತೆ ಬಯಲುಸೀಮೆಯ ವಸತಿಗೃಹಗಳಲ್ಲಿಯೂ ಮಲೆನಾಡಿನ ಹೋಂಸ್ಟೇಗಳಲ್ಲಿಯೂ ಈಜುಕೊಳಗಳು ಹೆಚ್ಚುತ್ತಿವೆ. ಕಟ್ಟಿಸುವವರು ನೀರಿನ ಆಳ, ಸೋಸುವ ಯಂತ್ರ, ಒಳಗಿನ ನೀಲಿ ಹಂಚು ಇವುಗಳ ಬಗೆಗೆ ವಾರಗಟ್ಟಲೆ ಚರ್ಚಿಸುತ್ತಾರೆ. ಸುತ್ತಣ ನೆಲಹಾಸಿನ ವಿಚಾರ ಬರುವುದು ಕೊನೆಗೆ, ಹಣ ತೀರುತ್ತ ಬಂದಾಗ. ಅಂಗಡಿಯ ನೆರಳಿನಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಅಂಗೈಯಗಲದ ಒಣ ಮಾದರಿಯನ್ನು ನೋಡಿ ಕಲ್ಲನ್ನು ಗೊತ್ತುಮಾಡುತ್ತಾರೆ. ಆ ಕಲ್ಲು ಮುಂದೆ ಬಾಳಬೇಕಾದುದು ಬಿಸಿಲಿನಲ್ಲಿ, ನೀರಿನಲ್ಲಿ, ಬರಿಗಾಲಿನ ಅಡಿಯಲ್ಲಿ.

ಪರಿಸರ ಚಳವಳಿಯ ವೇದಿಕೆಯಲ್ಲಿ ಸಿರಿವಂತರ ಈಜುಕೊಳದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಸಣ್ಣ ಲೆಕ್ಕವನ್ನು ನೋಡೋಣ. ಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ 50 ಚದರ ಮೀಟರ್. ಸುತ್ತಲೂ 2 ಮೀಟರ್ ಅಗಲದ ನೆಲಹಾಸು ಮಾಡಿದರೆ ಅದರ ವಿಸ್ತೀರ್ಣ 76 ಚದರ ಮೀಟರ್. ಕೊಳಕ್ಕಿಂತ ದಂಡೆಯೇ ದೊಡ್ಡದು! ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಈ ದಂಡೆಯೊಂದರ ಮೇಲೆ ಸುರಿಯುವ ನೀರು 45,600 ಲೀಟರ್. ಮಲೆನಾಡಿನಲ್ಲಿ 3000 ಮಿಲಿಮೀಟರ್ ಮಳೆ ಅಪರೂಪವಲ್ಲ. ಅಲ್ಲಿ ಇದೇ ದಂಡೆಯ ಮೇಲೆ ಬೀಳುವುದು 2,28,000 ಲೀಟರ್. ಅಷ್ಟು ನೀರು ನೆಲಕ್ಕೆ ಇಂಗಬೇಕೋ, ಇಳಿಜಾರಿನ ಕೆಳಗಿನ ಮನೆಯ ಹಿತ್ತಿಲಿಗೆ ನುಗ್ಗಬೇಕೋ ಎಂಬುದನ್ನು ಈ ನೆಲಹಾಸು ನಿರ್ಧರಿಸುತ್ತದೆ. ಅದರ ಕಲ್ಲು ಯಾವ ಗುಡ್ಡದಿಂದ ಬಂತು, ಮರವಾದರೆ ಯಾವ ಕಾಡಿನದು ಎಂಬ ಪ್ರಶ್ನೆಗಳಂತೂ ಇದ್ದೇ ಇವೆ.

ಬಾದಾಮಿ ಈ ಅಧ್ಯಯನಕ್ಕೆ ಹೇಳಿ ಮಾಡಿಸಿದ ಸ್ಥಳ. ಇಲ್ಲಿ ನೀರಿನ ದಂಡೆಗೆ ಕಲ್ಲು ಹಾಸುವ ಕೆಲಸಕ್ಕೆ ಸಾವಿರ ವರ್ಷಕ್ಕೂ ಮೀರಿದ ಪರಂಪರೆಯಿದೆ. ಮೊದಲನೆಯ ಪುಲಿಕೇಶಿ ಕ್ರಿ.ಶ. 543ರಲ್ಲಿ ಇಲ್ಲಿನ ಗುಡ್ಡಕ್ಕೆ ಕೋಟೆ ಕಟ್ಟಿಸಿದನೆಂದು ಬಂಡೆಯ ಶಾಸನ ತಿಳಿಸುತ್ತದೆ. ಎರಡು ಗುಡ್ಡಗಳ ನಡುವೆ ಅಗಸ್ತ್ಯ ತೀರ್ಥ, ಅದರ ಮೂಡಣ ದಂಡೆಗೆ ಭೂತನಾಥ ಗುಡಿಗಳು, ಊರಿನ ಕಡೆಗೆ ಮೆಟ್ಟಿಲುಗಳ ಸಾಲು. ಆ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಹೆಂಗಸರ ಚಿತ್ರ ಎಷ್ಟೋ ಪ್ರವಾಸಿಗರ ಕ್ಯಾಮೆರಾದಲ್ಲಿದೆ. ಛಾಯಾಚಿತ್ರಕಾರರಿಗೆ ಕಂಡದ್ದು ಸೀರೆಗಳ ಬಣ್ಣ. ಕೃಷಿ ಅಥವಾ ಕಟ್ಟಡ ಶಾಸ್ತ್ರ ಓದುವ ವಿದ್ಯಾರ್ಥಿಗೆ ಕಾಣಬೇಕಾದುದು ಬೇರೆಯದು: ಸಾಬೂನಿನ ನೀರು ಹರಿಯುವ ಇಳಿಜಾರಿನ ಕಲ್ಲಿನ ಮೇಲೆ, ತಲೆಯ ಮೇಲೆ ಒದ್ದೆ ಬಟ್ಟೆಯ ಗಂಟು ಹೊತ್ತು, ಬರಿಗಾಲಿನಲ್ಲಿ ಮೇಲೇರುವ ನಡಿಗೆ. ಯಾವ ಪ್ರಯೋಗಾಲಯದ ಪರೀಕ್ಷೆಯೂ ಇದಕ್ಕಿಂತ ಕಠಿಣವಾಗಿರಲಾರದು.

ಪ್ರಯೋಗಾಲಯಗಳಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಜರ್ಮನಿಯ ಮಾನಕವೊಂದರ ಪ್ರಕಾರ ಹಾಸುಗಲ್ಲಿನ ಹಲಗೆಯ ಮೇಲೆ ಸಾಬೂನಿನಂಥ ದ್ರಾವಣ ಹರಿಸಿ, ಬರಿಗಾಲಿನ ಮನುಷ್ಯನನ್ನು ನಡೆಸುತ್ತಾರೆ, ಹಲಗೆಯ ಓರೆಯನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತಾರೆ. 12 ಡಿಗ್ರಿಯವರೆಗೆ ಜಾರದಿದ್ದರೆ ಅದು ‘ಎ’ ವರ್ಗ; ಬಟ್ಟೆ ಬದಲಿಸುವ ಕೋಣೆಗೆ ಸಾಕು. 18 ಡಿಗ್ರಿಗೂ ಜಾರದ್ದು ‘ಬಿ’. ಕೊಳದ ಸುತ್ತಲಿನ ದಂಡೆಗೆ ಕನಿಷ್ಠ ಇದು ಬೇಕು. ನೀರಿಗಿಳಿಯುವ ಮೆಟ್ಟಿಲಿಗೆ 24 ಡಿಗ್ರಿಗೂ ನಿಲ್ಲುವ ‘ಸಿ’ ವರ್ಗದ ಕಲ್ಲೇ ಆಗಬೇಕು. ಇನ್ನೊಂದು ವಿಧಾನದಲ್ಲಿ ರಬ್ಬರಿನ ತುಂಡು ಕಟ್ಟಿದ ಲೋಲಕವನ್ನು ಒದ್ದೆ ಕಲ್ಲಿನ ಮೇಲೆ ತೂಗಿಬಿಡುತ್ತಾರೆ. ಅಂಕ 36 ಅಥವಾ ಅದಕ್ಕೂ ಮೇಲಿದ್ದರೆ ಜಾರುವ ಅಪಾಯ ಕಡಿಮೆ, 24ಕ್ಕಿಂತ ಮೇಲೇರದಿದ್ದರೆ ಅಪಾಯ ಹೆಚ್ಚು. ಕಲ್ಲು ಮಾರುವವರ ಬಳಿ ಈ ಅಂಕದ ಪತ್ರವನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ. ಕೇಳುವವರೇ ಇಲ್ಲವೆಂಬುದು ಬೇರೆ ಮಾತು.

ಬಾದಾಮಿಯ ಮರಳುಗಲ್ಲಿಗೆ ಈ ಹಿಡಿತ ಬಂದದ್ದು ಹೇಗೆ? ಹತ್ತಾರು ಕೋಟಿ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರಪದರವಾಗಿ ಕುಳಿತು ಗಟ್ಟಿಯಾದ ಕಲ್ಲು ಇದು. ಮರಳಿನ ಕಣವೆಂದರೆ ಬೆಣಚು. ಕಣಗಳನ್ನು ಬೆಸೆದಿರುವ ಅಂಟಿನಲ್ಲಿ ಕಬ್ಬಿಣದ ಅಂಶ ಸೇರಿದ್ದರಿಂದ ಆ ಕೆಂಪು. ಕಲ್ಲು ಸವೆಯುವಾಗ ಅಂಟು ಮೊದಲು ಸವೆಯುತ್ತದೆ, ಬೆಣಚಿನ ಕಣ ತಲೆಯೆತ್ತಿ ನಿಲ್ಲುತ್ತದೆ. ಹೀಗಾಗಿ ಜನ ನಡೆದು ನಡೆದು ತಗ್ಗುಬಿದ್ದ ಮೆಟ್ಟಿಲೂ ಸುಲಭವಾಗಿ ಕನ್ನಡಿಯಾಗುವುದಿಲ್ಲ. ಇಲ್ಲಿನ ಕೆಲವು ಬಂಡೆಗಳ ಮೇಲೆ ಆ ಪ್ರಾಚೀನ ನೀರಿನ ತೆರೆಗಳ ಗುರುತು ಇಂದಿಗೂ ಉಳಿದಿದೆ. ಅಂಥ ಚಪ್ಪಡಿಯ ಮೇಲೆ ಕಾಲಿಟ್ಟು ನೋಡಬೇಕು. ಯಾವ ಕಾರ್ಖಾನೆಯೂ ಅಷ್ಟು ಚೆಂದದ ಗೀರುಗಳನ್ನು ಕೊರೆಯಲಾರದು.

ಹಾಗೆಂದು ಮರಳುಗಲ್ಲನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮಹಾಕೂಟದ್ದು ಒರತೆಯ ನೀರು. ಇಂದಿನ ಈಜುಕೊಳದ್ದು ಔಷಧ ಬೆರೆತ ನೀರು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವಿರುವ ಕೊಳಗಳಲ್ಲಿ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಇರುತ್ತದೆ. ಗ್ರಾನೈಟ್ ತನ್ನ ತೂಕದ ಶೇಕಡಾ ಅರ್ಧಕ್ಕಿಂತಲೂ ಕಡಿಮೆ ನೀರು ಕುಡಿಯುವ ಕಲ್ಲು. ಮರಳುಗಲ್ಲು ಅದರ ಹಲವು ಪಟ್ಟು ಕುಡಿಯುತ್ತದೆ. ಸಿಡಿದ ನೀರು ಕಲ್ಲಿನ ರಂಧ್ರಕ್ಕಿಳಿದು, ಬಿಸಿಲಿಗೆ ಒಣಗಿ, ಉಪ್ಪು ಹರಳಾಗಿ ಹಿಗ್ಗುತ್ತದೆ. ದಿನವೂ ನಡೆಯುವ ಈ ಕ್ರಿಯೆಯಿಂದ ಕಲ್ಲಿನ ಮೇಲ್ಪದರ ಹಪ್ಪಳದಂತೆ ಏಳುತ್ತದೆ. ಪದರ ಸಡಿಲವಾದ ಕಲ್ಲನ್ನು ಹಾಸಿದ್ದರೆ ಕೆಲವೇ ವರ್ಷಗಳಲ್ಲಿ ಇದು ಕಾಣುತ್ತದೆ. ಹಳಬ ಕಲ್ಲುಕುಟಿಗರು ಸುತ್ತಿಗೆಯಿಂದ ತಟ್ಟಿ, ನಾದ ಕೇಳಿ ಚಪ್ಪಡಿಯನ್ನು ಆರಿಸುವುದುಂಟು. ಗಣಗಣ ಎಂದರೆ ಒಳಗು ಗಟ್ಟಿ, ಬೊದಬೊದ ಎಂದರೆ ಪದರ ಬಿಟ್ಟಿದೆ. ಆದ್ದರಿಂದ ಉಪ್ಪಿನ ಕೊಳಕ್ಕೆ ಮರಳುಗಲ್ಲು ಬೇಡ. ಸಾದಾ ನೀರಿನ ಕೊಳಕ್ಕೆ, ನಾದ ನೋಡಿ ಆರಿಸಿದ ಗಟ್ಟಿ ಮರಳುಗಲ್ಲಿಗಿಂತ ಹಿತವಾದುದು ಈ ಸೀಮೆಯಲ್ಲಿಲ್ಲ.

ಇನ್ನು ಇಳಕಲ್‌ನ ಗ್ರಾನೈಟ್. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯೆಂದು ಸೀರೆಯ ಜೊತೆಗೆ ಅದನ್ನೂ ಎಣಿಸುವವರಿದ್ದಾರೆ. ಇಳಕಲ್, ಹುನಗುಂದ ಸೀಮೆಯ ಈ ಕೆಂಪು, ಗುಲಾಬಿ ಛಾಯೆಯ ಕಲ್ಲು ಬಾದಾಮಿಯ ಮರಳುಗಲ್ಲಿಗಿಂತ ಬಹಳ ಹಳೆಯದು. ಉಪ್ಪಿಗೆ ಅದು ಜಗ್ಗುವುದಿಲ್ಲ, ಆಮ್ಲಕ್ಕೆ ಕರಗುವುದಿಲ್ಲ, ಸವೆಯುವುದು ತೀರ ನಿಧಾನ. ದೋಷವಿರುವುದು ಅದಕ್ಕೆ ಕೊಡುವ ಹೊಳಪಿನಲ್ಲಿ. ಹೊಳಪು ಕೊಟ್ಟ ಕಲ್ಲಿನ ಮೇಲೆ ನೀರು ಬಿದ್ದಾಗ ಪಾದಕ್ಕೂ ಕಲ್ಲಿಗೂ ನಡುವೆ ತೆಳುವಾದ ನೀರಿನ ಹಾಳೆ ನಿಲ್ಲುತ್ತದೆ. ಆ ನೀರು ಹೊರಹೋಗಲು ಕಲ್ಲಿನಲ್ಲಿ ತಗ್ಗು ಉಬ್ಬುಗಳೇ ಇರುವುದಿಲ್ಲ. ಎಣ್ಣೆ ಹಚ್ಚಿಕೊಂಡು ನೀರಿಗಿಳಿದು ಬಂದವರ ಕಾಲಿಗಂತೂ ಕೇಳುವುದೇ ಬೇಡ. ಎಪ್ಪತ್ತರ ಅಜ್ಜಿಯೊಬ್ಬರ ಸೊಂಟದ ಮೂಳೆ ಮುರಿದರೆ ಆ ಮನೆಯ ವರ್ಷವೆಲ್ಲ ಹೇಗೆ ಕಳೆಯುತ್ತದೆಂಬುದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಅದೇ ಗ್ರಾನೈಟನ್ನು ಬೆಂಕಿಯ ಉರಿಗೆ ಒಡ್ಡಿದರೆ ಚಿತ್ರವೇ ಬದಲಾಗುತ್ತದೆ. ಗ್ರಾನೈಟಿನಲ್ಲಿರುವ ಬೆಣಚು ಬಿಸಿಗೆ ಇತರ ಖನಿಜಗಳಿಗಿಂತ ಹೆಚ್ಚು ಹಿಗ್ಗುತ್ತದೆ. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಹರಳಿನ ರಚನೆಯೇ ಮಾರ್ಪಡುತ್ತದೆ. ಉರಿ ತಾಗಿದೊಡನೆ ಮೇಲ್ಮೈಯ ಕಣಗಳು ಚಟಚಟನೆ ಸಿಡಿದು ಉದುರುತ್ತವೆ, ಒರಟು ಮುಖ ಉಳಿಯುತ್ತದೆ. ಹಲ್ಲಿನ ಸುತ್ತಿಗೆಯಿಂದ ಕೈಯಲ್ಲೇ ಚುಕ್ಕಿ ಹೊಡೆಸುವುದು ಇನ್ನೊಂದು ದಾರಿ. ಹೊಳಪು ಕೊಡಲು ತೆರುವ ಹಣವನ್ನು ಚಾಣ ಹಿಡಿಯುವ ಕೈಗೆ ಕೊಟ್ಟರೆ ಊರಿನಲ್ಲಿ ನಾಲ್ಕು ಜನಕ್ಕೆ ಕೂಲಿಯೂ ಸಿಕ್ಕೀತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಮರಳುಗಲ್ಲಾಗಲಿ ಗ್ರಾನೈಟಾಗಲಿ, ಒಣದಾಗಿ ಕೊಯ್ದಾಗ ಏಳುವ ದೂಳಿನಲ್ಲಿ ಬೆಣಚಿನ ಅತಿಸೂಕ್ಷ್ಮ ಕಣಗಳಿರುತ್ತವೆ. ಅವು ಶ್ವಾಸಕೋಶದ ಆಳಕ್ಕೆ ಇಳಿದು ಗಾಯ ಮಾಡಿ, ಸಿಲಿಕೋಸಿಸ್ ಎಂಬ ರೋಗ ತರುತ್ತವೆ. ಅದು ವಾಸಿಯಾಗುವ ರೋಗವಲ್ಲ. ಕೊಯ್ಯುವ ಚಕ್ರದ ಮೇಲೆ ನೀರು ಬೀಳುತ್ತಿದ್ದರೆ ದೂಳು ಬಹುಮಟ್ಟಿಗೆ ತಡೆಯುತ್ತದೆ. ಯಂತ್ರದಿಂದ ಕೊಯ್ಯುವಾಗ ನೀರು ಬಿಡಬೇಕು, ಚುಕ್ಕಿ ಹೊಡೆಯುವಾಗ ಕಲ್ಲನ್ನು ನೆನೆಸಿಟ್ಟುಕೊಂಡು, ದೂಳು ತಡೆಯುವ ಸರಿಯಾದ ಮುಖಗವಸು ಧರಿಸಬೇಕು ಎಂಬ ಷರತ್ತನ್ನು ಕೆಲಸ ಮಾಡಿಸುವವರೇ ಹಾಕಬೇಕು. ತಲೆಗೆ ಸುತ್ತಿದ ಟವಲನ್ನು ಮೂಗಿಗೆ ಕಟ್ಟಿಕೊಂಡರೆ ಆ ಕಣಗಳು ನಿಲ್ಲುವುದಿಲ್ಲ.

ಪರಸಿ ಕಲ್ಲಿನ ವಿಷಯ ಬೇಗ ಮುಗಿಯುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ನೆಲ ಶಹಾಬಾದದ ಪರಸಿಯದೇ. ತಂಪು, ಅಗ್ಗ, ಒಳ್ಳೆಯ ಕಲ್ಲು. ಆದರೆ ಅದು ಸುಣ್ಣದ ಕಲ್ಲು. ಒಂದು ತುಂಡಿನ ಮೇಲೆ ಲಿಂಬೆಹುಳಿ ಹಿಂಡಿ ಅರ್ಧ ಗಂಟೆ ಬಿಟ್ಟರೆ ಮಾಸಿದ ಕಲೆ ಬೀಳುತ್ತದೆ. ಕೊಳದ ನೀರಿನ ಹುಳಿ–ಕ್ಷಾರದ ಮಟ್ಟವನ್ನು 7.2ರಿಂದ 7.8ರ ನಡುವೆ ಇಡಲೆಂದು ಆಗಾಗ ಆಮ್ಲ ಹಾಕುವವರು ದಂಡೆಯ ಮೇಲೆ ಚೆಲ್ಲಿದರೆಂದರೆ ಕಲ್ಲು ತಿಂದುಹೋಗುತ್ತದೆ. ಮೇಲಾಗಿ ನಡೆದಷ್ಟೂ ಅದು ನುಣುಪಾಗುತ್ತದೆ. ಕಡಪಾದ ಕಪ್ಪು ಕಲ್ಲಿಗೂ ಇದೇ ಆಕ್ಷೇಪಣೆ, ಜೊತೆಗೆ ಬಿಸಿ. ಹೊಳಪಿನ ಹಂಚುಗಳನ್ನು ಇಲ್ಲಿ ಪ್ರಸ್ತಾಪಿಸುವುದೇ ಬೇಡ.

ಬಿಸಿಯ ಮಾತು ಬಂತು. ಬಾದಾಮಿಯ ಏಪ್ರಿಲ್ ತಿಂಗಳಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಬಿಸಿಲಿಗೆ ಒಡ್ಡಿದ ಕಲ್ಲು ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಕಡುಬಣ್ಣದ್ದಾದರೆ ಇನ್ನೂ ಹೆಚ್ಚು. ಮನುಷ್ಯನ ಚರ್ಮಕ್ಕೆ ಸುಮಾರು 44 ಡಿಗ್ರಿಗೇ ನೋವಿನ ಅರಿವಾಗುತ್ತದೆ. ಹಾಗಾದರೆ ಹಿಂದಿನವರು ಏನು ಮಾಡಿದರು? ಚೊಳಚಗುಡ್ಡದ ಬಳಿಯ ಬನಶಂಕರಿಗೆ ಹೋಗಿ ಹರಿದ್ರಾ ತೀರ್ಥವನ್ನು ನೋಡಿದರೆ ಉತ್ತರ ಸಿಗುತ್ತದೆ. ಆ ವಿಶಾಲ ಹೊಂಡದ ಸುತ್ತ ಕಲ್ಲುಕಂಬಗಳ ಮಂಟಪದ ಸಾಲಿದೆ. ನಡೆಯುವ ನೆಲಕ್ಕೆ ನೆರಳು, ನೀರಿಗಿಳಿಯುವ ಮೆಟ್ಟಿಲಿಗೆ ಮಾತ್ರ ಬಿಸಿಲು. ಬನಶಂಕರಿಯ ಜಾತ್ರೆಯಲ್ಲಿ ಬಾಳೆಯ ದಿಂಡಿನ ತೆಪ್ಪದ ಮೇಲೆ ಎಳೆಯ ಕೂಸುಗಳನ್ನು ಮಲಗಿಸಿ ತೇಲಿಸುವ ಹರಕೆ ಹಳೆಯದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಮೆಟ್ಟಿಲಿಳಿಯುವ ತಾಯಿಗೆ ಕಾಲು ಸುಡಲೂಬಾರದು, ಜಾರಲೂಬಾರದು. ಎರಡನ್ನೂ ಕಲ್ಲೊಂದರಿಂದಲೇ ಸಾಧಿಸಲು ಹೊರಟವರು ಸೋಲುತ್ತಾರೆ; ನೆಲಹಾಸಿನ ಖರ್ಚಿನಲ್ಲಿ ನೆರಳಿನ ಖರ್ಚನ್ನೂ ಸೇರಿಸಬೇಕು. ಮಂಟಪ ಕಟ್ಟಲಾಗದವರು ಬೇವು ನೆಡಬಹುದು, ಎಲೆ ಉದುರುತ್ತದೆಂದು ಗೊಣಗುವ ಕೆಲಸಗಾರನಿಗೆ ಒಂದು ಬಲೆ ಕೊಡಿಸಿದರಾಯಿತು.

ಕಾಲಿಗೆ ಬಿಸಿ ತಾಗದ ನೆಲವೆಂದು ಮರದ ಹಲಗೆಯನ್ನು ಹಲವರು ಬಯಸುತ್ತಾರೆ. ಮರ ಶಾಖವನ್ನು ಬೇಗ ದಾಟಿಸುವುದಿಲ್ಲವಾದ್ದರಿಂದ ಈ ಮಾತಿನಲ್ಲಿ ಸತ್ಯವಿದೆ. ಹಲಗೆಗಳ ಸಂದಿಯಿಂದ ಮಳೆನೀರು ಕೆಳಗಿಳಿದು ಇಂಗುತ್ತದೆ ಎಂಬುದೂ ಮೆಚ್ಚತಕ್ಕ ಗುಣವೇ. ಆದರೆ ಬಾದಾಮಿಯಂಥ ಒಣಸೀಮೆಯಲ್ಲಿ ದಿನಕ್ಕೆರಡು ಬಾರಿ ನೆನೆದು ಒಣಗುವ ಹಲಗೆ ಸೀಳು ಬಿಡುತ್ತದೆ. ಸೀಳು ಪಾದಕ್ಕೆ ಚುಚ್ಚುತ್ತದೆ. ಕೆಳಗಿನಿಂದ ಗೆದ್ದಲು ಬರುತ್ತದೆ. ಇವುಗಳನ್ನು ತಾಳುವ ಮರವೆಂದು ಜಗತ್ತಿನಾದ್ಯಂತ ಹೆಸರಾದದ್ದು ದಕ್ಷಿಣ ಅಮೆರಿಕದ ‘ಇಪೆ’. ಅಮೆಜಾನ್ ಕಾಡಿನಲ್ಲಿ ಅದರ ಕಡಿತ ಎಲ್ಲೆ ಮೀರಿತೆಂದು ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸುವ ತೀರ್ಮಾನ 2022ರಲ್ಲಿ ಆಯಿತು, 2024ರ ನವೆಂಬರಿನಲ್ಲಿ ಜಾರಿಗೆ ಬಂತು. ಅಪ್ಪಿಕೋ ಚಳವಳಿಯ ನಾಡಿನಲ್ಲಿ ಕುಳಿತು, ಇಲ್ಲಿನ ಮರವನ್ನು ಅಪ್ಪಿಕೊಂಡು, ಅಲ್ಲಿನ ಮರವನ್ನು ಕಾಲಡಿಗೆ ಹಾಕಿಕೊಳ್ಳುವುದು ಶೋಭೆಯಲ್ಲ. ಮರದ ಹುಡಿಗೆ ಪ್ಲಾಸ್ಟಿಕ್ ಬೆರೆಸಿದ ಹಲಗೆ ಮಾರುಕಟ್ಟೆಗೆ ಬಂದಿದೆ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ನಿಜ. ಆದರೆ ಬಿಸಿಲಿಗೆ ವಿಪರೀತ ಕಾಯುತ್ತದೆ. ಆಯುಷ್ಯ ಮುಗಿದ ಮೇಲೆ ಮಣ್ಣಿಗೂ ಸೇರದು, ಒಲೆಗೂ ಸಲ್ಲದು.

ಮಲೆನಾಡಿನ ಓದುಗರಿಗಾಗಿ ಒಂದು ಎಚ್ಚರಿಕೆ. ಬಾದಾಮಿಯಲ್ಲಿ ಸರಿಯೆನಿಸಿದ್ದೆಲ್ಲ ಅಲ್ಲಿ ಸರಿಯಾಗದು. ತಿಂಗಳುಗಟ್ಟಲೆ ಆರದ ಮಳೆಯಲ್ಲಿ ಒರಟು ಕಲ್ಲಿನ ತಗ್ಗುಗಳೇ ಪಾಚಿಗೆ ಮನೆಯಾಗುತ್ತವೆ. ರಂಧ್ರಗಳ ಜಂಬಿಟ್ಟಿಗೆಯ ಮೇಲಂತೂ ಪಾಚಿ ಗಾದಿಯಂತೆ ಬೆಳೆಯುತ್ತದೆ. ಅಲ್ಲಿಗೆ ಉರಿಗೊಡ್ಡಿದ ಗ್ರಾನೈಟೇ ಲೇಸು. ಜೊತೆಗೆ ಗಟ್ಟಿ ಪೊರಕೆ, ವಾರಕ್ಕೊಮ್ಮೆ ತಿಕ್ಕುವ ಕೈ. ಬಾದಾಮಿಯ ಹೊಂಡಗಳಲ್ಲಿಯೂ ನೀರಿನ ಅಂಚಿನ ಮೆಟ್ಟಿಲು ಪಾಚಿಗಟ್ಟಿ ಜಾರುವುದುಂಟು. ಹಳೆಯದೆಲ್ಲ ದೋಷರಹಿತವೆಂದು ಭ್ರಮಿಸಬೇಕಾಗಿಲ್ಲ.

ಕಲ್ಲು ಯಾವುದೇ ಇರಲಿ, ಅದು ಕುಳಿತುಕೊಳ್ಳುವ ನೆಲ ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಗುಡ್ಡದ ಬುಡದ ಕೆಂಪು ಮರಳು ಮಣ್ಣಿನಲ್ಲಿ ತೊಂದರೆ ಕಡಿಮೆ. ಮಲಪ್ರಭೆಯ ಬಯಲಿನ ಎರೆಭೂಮಿಯ ಗುಣ ಬೇರೆ: ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಕಲ್ಲು ಎರಡು ಮಳೆಗಾಲಕ್ಕೆ ಮೇಲೆ ಕೆಳಗಾಗುತ್ತದೆ. ಎದ್ದ ಅಂಚಿಗೆ ಕಾಲು ಎಡವುತ್ತದೆ. ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಅದರ ಮೇಲೆ ಮರಳಿನ ಹಾಸು, ಅದರ ಮೇಲೆ ಕಲ್ಲು. ಸಂದಿಗಳನ್ನು ಸಿಮೆಂಟಿನಿಂದ ಮೆತ್ತದೆ ದಪ್ಪ ಮರಳು ತುಂಬಿದರೆ ಮಳೆನೀರಿನ ಒಂದು ಪಾಲು ಅಲ್ಲಿಯೇ ಇಂಗುತ್ತದೆ. ಎರೆಯಲ್ಲಿ ಮಾತ್ರ ಇಂಗಿದ ನೀರು ಗರಸಿನಲ್ಲಿ ನಿಲ್ಲದಂತೆ ಕೆಳಗೊಂದು ಹೊರದಾರಿ ಬೇಕು. ಕಡಿದಾದ ಮಲೆನಾಡಿನ ಇಳಿಜಾರಿನಲ್ಲಿಯೂ ನೀರನ್ನು ಕಲ್ಲಿನಡಿ ಇಂಗಿಸುವುದು ಅಪಾಯ. ಅಲ್ಲಿ ಕಾಲುವೆಯಲ್ಲಿ ಹಿಡಿದು ಸಮತಟ್ಟಾದ ಜಾಗಕ್ಕೆ ಒಯ್ಯಬೇಕು. ನೆಲಹಾಸಿನ ಓರೆ ಮೀಟರಿಗೆ 2 ಸೆಂಟಿಮೀಟರಿನಷ್ಟು, ಕೊಳದಿಂದ ಹೊರಮುಖವಾಗಿರಲಿ. ಇಲ್ಲವಾದರೆ ದಂಡೆಯ ದೂಳೆಲ್ಲ ನೀರಿಗೆ.

ಹೊರಗೆ ಹರಿದ ನೀರು ಎಲ್ಲಿಗೆ ಹೋಗಬೇಕು? ಮಳೆನೀರು ಇಂಗುಗುಂಡಿಗೆ ಹೋಗಲಿ. ಕೊಳದಿಂದ ಸಿಡಿದ, ಸೋಸುವ ಯಂತ್ರ ತೊಳೆದ ನೀರನ್ನು ಅದರೊಂದಿಗೆ ಬೆರೆಸಬಾರದು. ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ಆದರೆ ಉಪ್ಪು ಹೋಗುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಎರೆಮಣ್ಣಿನ ಕಣಗಳ ಹೆಣಿಗೆಯನ್ನು ಬಿಡಿಸಿಬಿಡುತ್ತದೆ. ಮಣ್ಣು ನೆನೆದಾಗ ಅಂಟು, ಒಣಗಿದಾಗ ಇಟ್ಟಿಗೆ. ನೀರು ಇಳಿಯದು, ಬೇರು ಉಸಿರಾಡದು. ದಂಡೆಯ ಪಕ್ಕದ ಹೊಲದಲ್ಲಿ ಜೋಳದ ಸಾಲುಗಳು ಕೊಳದ ಕಡೆಗೆ ಮಾತ್ರ ಗಿಡ್ಡವಾಗಿವೆಯೆಂದರೆ ಮೊದಲು ಹುಡುಕಬೇಕಾದುದು ಈ ಕಾರಣವನ್ನು. ಪಕ್ಕದ ರೈತ ಕೇಳುವ ಮೊದಲೇ ಕೊಳದವರು ಹುಡುಕಿದರೆ ಜಗಳ ತಪ್ಪುತ್ತದೆ.

ಕಲ್ಲು ಎಲ್ಲಿಂದ ತರಬೇಕೆಂಬುದು ಕೊನೆಯ ಪ್ರಶ್ನೆ, ಸುಲಭದ್ದಲ್ಲ. ಬಾದಾಮಿಯ ಮರಳುಗಲ್ಲು ಚೆಂದವೆಂದು ಬಾದಾಮಿಯ ಗುಡ್ಡಕ್ಕೆ ಕೈ ಹಾಕುವಂತಿಲ್ಲ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. 5 ಹೆಕ್ಟೇರಿಗಿಂತ ಸಣ್ಣ ಕಲ್ಲುಗಣಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಆದೇಶಿಸಿತು. ಆದ್ದರಿಂದ ಹೊಸ ಗಣಿಯ ಕಲ್ಲಿಗಿಂತ, ಬಿಚ್ಚಿದ ಹಳೆಯ ಮನೆಗಳ ಚಪ್ಪಡಿಗಳನ್ನು ಮೊದಲು ವಿಚಾರಿಸಬೇಕು. ಮನೆಯ ಯಜಮಾನರಿಂದ ಕೊಂಡದ್ದಕ್ಕೆ ಚೀಟಿ ಇರಲಿ. ಗುಡಿಯ ಕಲ್ಲು, ಬರಹವಿರುವ ಕಲ್ಲು, ಕೆತ್ತನೆಯ ಕಲ್ಲು ಎಷ್ಟು ಚಿಕ್ಕದಾದರೂ ಮುಟ್ಟಬಾರದು.

ಗ್ರಾನೈಟಿನಲ್ಲಿ ದಾರಿ ಇನ್ನೂ ಸರಳ. ದೊಡ್ಡ ದಿಮ್ಮಿಗಳಿಂದ ಹಲಗೆ ತೆಗೆಯುವ ಉದ್ಯಮದಲ್ಲಿ ಬಿರುಕು ಕಂಡದ್ದು, ಬಣ್ಣ ಕೂಡದ್ದು, ಅಂಚಿನದು ಎಂದು ಬದಿಗೆ ಬೀಳುವ ಕಲ್ಲೇ ರಾಶಿರಾಶಿ. ದಿಮ್ಮಿಯನ್ನು ಗೂಟ ಹೊಡೆದು ಸೀಳಿದ ಮುಖ ಹುಟ್ಟಿನಿಂದಲೇ ಒರಟು. ಅದಕ್ಕೆ ಉರಿಯೂ ಬೇಡ, ಚುಕ್ಕಿಯೂ ಬೇಡ. ಒಂದು ಚದರಡಿಯೊಳಗಿನ ತುಂಡುಗಳನ್ನು, ಚೂಪು ಅಂಚು ಮುರಿದು, ಒಂದೇ ಮಟ್ಟಕ್ಕೆ ಕೂಡಿಸಿ, ಸಂದಿಗೆ ಮರಳು ತುಂಬಿದರೆ ಮೇಲೆ ಹೇಳಿದ 76 ಚದರ ಮೀಟರಿನ ದಂಡೆಗೆ ಹೊಸದಾಗಿ ಒಂದು ಬಂಡೆಯನ್ನೂ ಸೀಳಬೇಕಾಗಿಲ್ಲ. ತುಂಡುಗಳನ್ನು ಹೊಂದಿಸಲು ದಿನ ಹೆಚ್ಚು ಹಿಡಿಯುತ್ತದೆ, ಕೂಲಿ ಏರುತ್ತದೆ. ಕಲ್ಲಿನ ಬೆಲೆಯಲ್ಲಿ ಉಳಿದದ್ದು ಅಲ್ಲಿಗೆ ಸರಿಹೋಗುತ್ತದೆ.

ಕೊಳ್ಳುವ ಮೊದಲು ಮಾದರಿಯ ನಾಲ್ಕು ಕಲ್ಲುಗಳನ್ನು ಮನೆಗೆ ತರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ 2 ಗಂಟೆಯವರೆಗೆ ಬಿಸಿಲಿನಲ್ಲಿಟ್ಟು ಮೊದಲು ಅಂಗೈಯಿಂದ ಮುಟ್ಟಿ ನೋಡಬೇಕು. ಅಂಗೈ ತಾಳಿದರೆ ಪಾದವಿಟ್ಟು ಹತ್ತು ಎಣಿಸಬೇಕು. ಆಮೇಲೆ ಸೀಗೆಪುಡಿ ಕಲಸಿದ ನೀರು ಸುರಿದು, ಯಾರದಾದರೂ ಹೆಗಲು ಹಿಡಿದುಕೊಂಡು, ಹಿಮ್ಮಡಿಯನ್ನು ಮುಂದಕ್ಕೆ ತಳ್ಳಿ ನೋಡಬೇಕು. ಉಪ್ಪುನೀರಿನ ಬಟ್ಟಲಲ್ಲಿ ಒಂದು ರಾತ್ರಿ ನೆನೆಸಿ ಒಂದು ಹಗಲು ಒಣಗಿಸುವುದನ್ನು ಹದಿನೈದು ದಿನ ಮಾಡಿ, ಬೆರಳಿನಿಂದ ಉಜ್ಜಿದರೆ ಹುಡಿ ಬರುತ್ತದೆಯೇ ನೋಡಬೇಕು. ಇದನ್ನೆಲ್ಲ ಶಾಲೆಯ ಮಕ್ಕಳೂ ಮಾಡಬಹುದು, ವಿಜ್ಞಾನದ ಮಾಸ್ತರರು ಜೊತೆಗಿದ್ದರೆ ಒಳ್ಳೆಯದು. ನಿರ್ಧಾರವಾದ ಮೇಲೆ ಬೇಕಾದುದಕ್ಕಿಂತ ಹತ್ತು ಕಲ್ಲು ಹೆಚ್ಚೇ ತರಿಸಿ ಗೋಡೆಗೆ ಒರಗಿಸಿಡಬೇಕು. ಐದು ವರ್ಷದ ನಂತರ ಒಡೆದ ಒಂದರ ಜಾಗಕ್ಕೆ ಅದೇ ಮೈಯ ಕಲ್ಲು ಅಂಗಡಿಯಲ್ಲಿ ಸಿಗುವುದಿಲ್ಲ.